ಅಳತಿಗೆ ತಕ್ಕ ಪುಸ್ತಕ
ನೇಸರಗಿ ಸಂತ್ಯಾಗ ಬಳಿ ಮಾರೋ ಮಹಾನಂದಾನ ಹತ್ರ ಬಳಿ ಇಡಿಸಿಕೊಂಡಾಕಿ ಪುಸ್ತಕ ಇಲ್ಲದ ಮನಿಗಿ ಹೊಳ್ಳಿದ್ದ ಇಲ್ಲ. ಆಫ್ರಿಕಾ, ಅಮೆರಿಕಾದ ಕಪ್ಪು ಮಂದಿ ಬರೆದು ಕನ್ನಡಕ್ಕ ಬಂದ ಪುಸ್ತಕ ಅಂದ್ರ ಮಹಾನಂದಾಗ ಹುಚ್ಚು. ಕೈ ಹಿಚುಕಿ ಬಳಿ ಅಳತಿ ನೋಡತಾಳ, ಪುಸ್ತಕಾನೂ ಅದ ಅಳತಿ ಮ್ಯಾಲ ಆರಸತಾಳ: ಕೂಸಿನ ಕೈಗೆ ಚಿತ್ರದ ಕಥಿ, ಮದುಮಗಳಿಗೆ ಪ್ರೀತಿ ಕಾದಂಬರಿ, ಜಗಳಗಂಟಿ ಅತ್ತೆವ್ವಗ ಪತ್ತೇದಾರಿ ಕಥಿ. "ಓದಾಕ ವ್ಯಾಳ್ಯಾ ಎಲ್ಲೈತೆವಾ?" ಅಂದಾಕಿಯ ಗೆಣ್ಣಿನ ಮ್ಯಾಲ ಬಳಿ ಸಿಗಿಸಿ ನಿಲ್ಲಿಸಿ, ಅರ್ಧ ಕಥಿ ಹೇಳಿಬಿಡತಾಳ, ಉಳಿದರ್ಧಕ್ಕ ಪುಸ್ತಕ ಒಯ್ಯಲೇಬೇಕು, ಬರೋ ಸಂತಿಗಿ ಹೊಳ್ಳಿ ತರಲೇಬೇಕು! ಮೊನ್ನೆ ಮುದುಕಿ ತಂಗೆವ್ವ ತನ್ನ ಮೊಮ್ಮಗಳು ಮೀನಾನ್ನ ಕರಕೊಂಡು ಬಂದು, "ಈಕಿ ಕೈ ಕಪ್ಪು, ಹಳದಿ ಬಳಿ ಒಪ್ಪಂಗಿಲ್ಲ, ಬ್ಯಾರೆ ತೋರಸವಾ" ಅಂದಳು. ಹುಡುಗಿ ಕೈ ಬೆನ್ನ ಹಿಂದ ಮುಚ್ಚಿಟಗೊಂಡಳು. ತನ್ನ ಮದುವಿ ದಿನ ಇದ ಮಾತು ಕೇಳಿ ಹಳದಿ ಬಳಿ ಬಿಟ್ಟುಕೊಟ್ಟಿದ್ದ ಮಹಾನಂದಾ, ಈಗ ಮೊಣಕೈತನಕ ಹಳದಿ ತುಂಬಿದ ತನ್ನ ಕಪ್ಪು ಕೈ ಝಳಪಿಸಿ, "ಕಣ್ಣು ಬಿಟ್ಟು ನೋಡಬೇ ಮುದುಕಿ!" ಅಂತ ಗದರಿಸಿ, ಒಂದು ಕಥಿ ಪುಸ್ತಕದ ಹಿಂದಿನ ರಟ್ಟಿನ ಫೋಟೋ ಹುಡುಗಿಗಿ ತೋರಿಸಿದಳು. ಬರೆದಾಕಿ ಕಪ್ಪಗ ಮಿಂಚಿ ನಗಾಕ ಹತ್ತಿದ್ದಳು. ಮೀನಾ ದಿಟ್ಟಿಸಿ ನೋಡಿ, "ಈಕಿ ಕೈಯಾಗ ಬಳಿನ ಇಲ್ಲಲ್ಲ?" ಅಂದಳು. "ಆಕಿ ಇನ್ನೂ ನಮ್ಮ ಸಂತಿಗಿ ಬಂದಿಲ್ಲವ್ವಾ, ಬಂದ್ರ ನಾ ಬಿಡತೇನೇನು?" ಅಂದಳು ಮಹಾನಂದಾ. "ಹಂಗಾರ ಆಕಿ ಬರೂದ್ರಾಗ ನನಗ ಹಳದಿ ಇಡ್ರಿ" ಅಂತ ಹುಡುಗಿ ಎರಡೂ ಕೈ ಮುಂದ ಚಾಚಿದಳು.