ಕಮಲಾಪುರದಲ್ಲಿ ನಿಂತ ಹಾಡು

ಕವರಿನ ಮೇಲೆ ಐದು ಜನ ವಿದೇಶಿ ಹುಡುಗರು, ಹಣೆಯ ಮೇಲೆ ಇಳಿಬಿದ್ದ ಕೂದಲು, ಗುಂಡಿ ಬಿಚ್ಚಿದ ಅಂಗಿ. ನನ್ನ ಕಾಲೇಜು ದಿನಗಳ ಆ ಇಂಗ್ಲಿಷ್ ಪಾಪ್ ಆಲ್ಬಂ ಈಗ ಮತ್ತೆ ಬಿಡುಗಡೆಯಾಗಿದೆ. ಯಾರೋ ದೊಡ್ಡ ಮನುಷ್ಯರು ಅದನ್ನು ಕ್ಲಾಸಿಕ್ ಎಂದು ಹೊಗಳಿ ಬರೆದದ್ದನ್ನು ಓದಿ ಮೈ ಉರಿಯಿತು. ಹುಡುಗಿಯರು ಕೇಳುತ್ತಿದ್ದಾಗ ಅದು ಕಸವಾಗಿತ್ತು! ಇವರ ಸರ್ಟಿಫಿಕೇಟು ಯಾರಿಗೆ ಬೇಕು? ಆದರೂ ಸಿ.ಡಿ. ತರಿಸಿಕೊಂಡೆ.

ಆಗ ನಾನು ಕಂಪ್ಲಿಯಿಂದ ಹೊಸಪೇಟೆಯ ಕಾಲೇಜಿಗೆ ದಿನಾ ಬೆಳಿಗ್ಗೆ ಖಾಸಗಿ ಬಸ್ಸಿನಲ್ಲಿ ಹೋಗುತ್ತಿದ್ದೆ. ಹೆಂಗಸರ ಸೀಟು ಡ್ರೈವರನ ಬೆನ್ನ ಹಿಂದೆಯೇ, ಟೇಪು ಕೈಗೆಟಕುವಷ್ಟು ಹತ್ತಿರ. ಆದರೆ ಅದರಲ್ಲಿ ಹಾಡುತ್ತಿದ್ದುದು ಕೊನೆಯ ಸೀಟಿನ ಹುಡುಗರ ಕ್ಯಾಸೆಟ್ಟು. ಅದು ಕೈಯಿಂದ ಕೈಗೆ ಮುಂದೆ ಬರುತ್ತಿತ್ತು, ಕೊನೆಗೆ ನಾವೇ ಡ್ರೈವರನಿಗೆ ಕೊಡುತ್ತಿದ್ದೆವು. ಎರಡು ವರ್ಷ ಅಂಚೆಯವರ ಹಾಗೆ ಈ ಕೆಲಸ ಮಾಡಿದೆ. ನಿಮಗೇನು ಕೇಳಬೇಕು ಎಂದು ಒಬ್ಬರೂ ಕೇಳಲಿಲ್ಲ.

ಒಂದು ದಿನ ಬುಕ್ಕಸಾಗರದ ಹತ್ತಿರ, ಹಿಂದಿನಿಂದ ಬಂದ ಕ್ಯಾಸೆಟ್ಟನ್ನು ಮಡಿಲಲ್ಲಿಟ್ಟುಕೊಂಡು ನನ್ನದನ್ನು ಕೊಟ್ಟೆ. ಟೇಪಿನಲ್ಲಿ ಆ ಐದು ವಿದೇಶಿ ಹುಡುಗರು ಹಾಡತೊಡಗಿದರು. ಕೊನೆಯ ಸೀಟಿನಿಂದ ಮೊದಲು ನಗು, ಆಮೇಲೆ ಶಿಳ್ಳೆ, ಕೂಗು.

"ಯಾರಲೇ ಇದನ್ನ ಹಾಕ್ಸಿದ್ದು? ಬಂದ್ ಮಾಡ್ರಿ!"

ನಾನು ತಲೆ ತಗ್ಗಿಸಿದೆ. ಕಮಲಾಪುರದಲ್ಲಿ ಡ್ರೈವರ್ ಬಟನ್ ಒತ್ತಿದ. ಮೂರನೆಯ ಹಾಡು ಅರ್ಧಕ್ಕೇ ನಿಂತಿತು.

ಸಂಜೆಯೊಳಗೆ ಸುದ್ದಿ ದೊಡ್ಡಪ್ಪನಿಗೆ ಮುಟ್ಟಿತ್ತು. ನಮ್ಮ ಮನೆಯಲ್ಲಿ ಅವರ ಮಾತೇ ಕೊನೆ. "ನೀ ಹೋಗೋದು ಓದಾಕೋ, ಬಸ್ಸಿನ್ಯಾಗ ಹಾಡು ಹಾಕ್ಸಾಕೋ? ನಾಳಿಂದ ಕಾಲೇಜ್ ಬ್ಯಾಡ" ಎಂದರು. ಅಪ್ಪ ನೆಲ ನೋಡುತ್ತ ಕುಳಿತಿದ್ದರು. ಓದು ಉಳಿಸಿಕೊಳ್ಳಲು "ತಪ್ಪಾಯ್ತ್ರಿ ದೊಡ್ಡಪ್ಪ" ಎಂದೆ. ಕೇಳಿಸಲಿಲ್ಲ ಎಂದು ಮೂರು ಸಲ ಹೇಳಿಸಿದರು. ಓದು ಉಳಿಯಿತು, ನಾನೀಗ ಹೊಸಪೇಟೆಯಲ್ಲೇ ಲೆಕ್ಚರರ್. ಆದರೆ ಆ ಮಾತು ಇಷ್ಟು ವರ್ಷವೂ ಗಂಟಲಲ್ಲಿ ಮುಳ್ಳಿನ ಹಾಗೆ ಕುಳಿತಿತ್ತು. ತಪ್ಪು ನನ್ನದಾಗಿರಲಿಲ್ಲ.

ಹೋದ ಭಾನುವಾರ ಸಿ.ಡಿ.ಯ ಹಾಡುಗಳನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಕಂಪ್ಲಿ ಬಸ್ಸು ಹತ್ತಿದೆ.

"ಇದನ್ನ ಹಾಕ್ರಿ. ಕಂಪ್ಲಿ ತನಕ ತಗೀಬ್ಯಾಡ್ರಿ."

ಡ್ರೈವರ್ ನನ್ನ ನರೆಗೂದಲು ನೋಡಿ ನಕ್ಕ, ಹಾಕಿದ. ಕಮಲಾಪುರದಲ್ಲಿ ಹತ್ತಿದ ಒಬ್ಬರು ಮುಖ ಸಿಂಡರಿಸಿ, "ಏನ್ರಿ ಇದು? ಯಾರು ಹಾಕ್ಸಿದ್ದು?" ಎಂದರು. ನಾನು ಎದ್ದು ನಿಂತು "ನಾನ್ರಿ" ಎಂದೆ. ಅವರು ಕಿಟಕಿಯ ಕಡೆ ತಿರುಗಿಕೊಂಡರು. ಮೂರನೆಯ ಹಾಡನ್ನು ಪೂರ್ತಿ ಕೇಳಿದೆ. ನಿಜ ಹೇಳಬೇಕೆಂದರೆ ಅಂಥ ದೊಡ್ಡ ಹಾಡೇನಲ್ಲ. ಇರಲಿ, ನನಗಿಷ್ಟ.

ಇಳಿದವಳೇ ನೇರ ದೊಡ್ಡಪ್ಪನ ಮನೆಗೆ ಹೋದೆ. ಪೇಪರು ಓದುತ್ತಿದ್ದವರು "ಬಾರವ್ವ, ಕುಂದ್ರು" ಎಂದರು. ನಿಂತೇ ಹೇಳಿದೆ.

"ದೊಡ್ಡಪ್ಪ, ಕಾಲೇಜಿಗೆ ಹೋಗುವಾಗ ಬಸ್ಸಿನ ಹಾಡಿಗೆ ತಪ್ಪಾಯ್ತು ಅಂದಿದ್ನಲ್ಲ, ಅದನ್ನ ವಾಪಸ್ ತಗೊಳ್ಳಾಕ ಬಂದೀನ್ರಿ."

ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ಯಾವ ಹಾಡವ್ವ? ನನಗೇನೂ ನೆನಪಿಲ್ಲ."

ಒಂದು ಗಳಿಗೆ ನನಗೆ ಅಳು ಬಂದಂತಾಯಿತು. ಅಳಲಿಲ್ಲ.

"ನಿಮಗ ನೆನಪಿಲ್ಲಂದ್ರೂ ನಡೀತೈತ್ರಿ," ಎಂದೆ. "ಅಂದಾಕಿ ನಾನು. ಮೂರು ಸಲ ಅಂದಿದ್ದೆ, ಮೂರನ್ನೂ ವಾಪಸ್ ತಗೊಂಡೆ."