ಅಂಗಾಲಿನಲ್ಲಿ ನೋಡುತ್ತಿದ್ದ ಮರಿಯಪ್ಪ

ಕೆರೆಯ ಏರಿ ಹತ್ತುವ ಮುಂಚೆ ಮರಿಯಪ್ಪ ಚಪ್ಪಲಿ ಬಿಡುತ್ತಿದ್ದರು. ಅದು ಭಕ್ತಿಯೆಂದು ತಿಳಿದ ನಾವು ಕಾಲೇಜು ಹುಡುಗಿಯರು ನಮ್ಮವನ್ನೂ ಬಿಟ್ಟು ಕೈಮುಗಿದೆವು. ಬಾಯಿತುಂಬ ಎಲೆಅಡಿಕೆ ಇಟ್ಟುಕೊಂಡೇ ಅವರು ನಕ್ಕರು. "ದೇವ್ರಿಗಲ್ಲ ಕಣ್ರವ್ವಾ. ಏರಿ ಎಲ್ಲಿ ಮೆತ್ತಗಾಗೈತೆ ಅಂತ ಕಣ್ಣಿಗೆ ಕಾಣಾಕಿಲ್ಲ, ಅಂಗಾಲಿಗೆ ಗೊತ್ತಾಯ್ತದೆ."

ಅವರು ಹೆಗ್ಗನಹಳ್ಳಿ ಕೆರೆಯ ನೀರುಗಂಟಿ. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂದು ನೋಡಿಕೊಳ್ಳುವ ಕೆಲಸ ಅವರಿಗೆ ಅಪ್ಪನಿಂದ ಬಂದದ್ದು. ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ರಾಜಾಜಿನಗರದ ನಮ್ಮ ಕಾಲೇಜು ಆ ಊರಿನವರ ಜೊತೆಗೂಡಿ ಕೆರೆಯ ಹೂಳೆತ್ತಲು ಹೊರಟಿತು. ಗಾಡಿ, ಮಂಕರಿ, ಮಧ್ಯಾಹ್ನದ ಮುದ್ದೆ ಊರಿನವರದು, ರಟ್ಟೆ ನಮ್ಮದು. ನಮ್ಮದೋ ಬರೀ ಪೆನ್ನು ಹಿಡಿದ ರಟ್ಟೆ. ಮೊದಲ ದಿನವೇ ಅಂಗೈಯಲ್ಲಿ ಬೊಬ್ಬೆ ಎದ್ದಾಗ ಮರಿಯಪ್ಪ ಮನೆಯಿಂದ ಹರಳೆಣ್ಣೆ ತರಿಸಿಕೊಟ್ಟರು.

ಮಾರನೆಯ ದಿನ ಅವರು ಮಗಳ ಮನೆಗೆ ಹೋಗಬೇಕಾಯಿತು. "ನಡುಮಧ್ಯದಾಗೆ ಮಣ್ಣು ತೆಗೀರಿ" ಎಂದಷ್ಟೇ ಹೇಳಿ ಹೋದರು. ಯಾಕೆಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಅಲ್ಲಿಂದ ಮಂಕರಿ ಹೊತ್ತು ಏರಿಗೆ ಬರುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತಿತ್ತು. ನಾನು ಬಿ.ಎಸ್ಸಿ. ಓದುತ್ತಿದ್ದ ಜಾಣೆಯಲ್ಲವೇ? ಏರಿಯ ಬುಡದಲ್ಲೇ ಅಗೆದರೆ ಇಷ್ಟು ದೂರ ಹೊರುವುದು ತಪ್ಪುತ್ತದೆಂದು ಕಾಗದದ ಮೇಲೆ ಗೆರೆ ಎಳೆದು ತೋರಿಸಿದೆ. ಕಾಲೇಜಿನಿಂದ ನಮ್ಮ ಜೊತೆ ಬಂದಿದ್ದ ಮೇಷ್ಟ್ರೂ ತಲೆದೂಗಿದರು. ಮೂರೇ ದಿನದಲ್ಲಿ ಆಳುದ್ದದ ಗುಂಡಿಯಾಯಿತು.

ಮರಿಯಪ್ಪ ಬಂದವರು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತುಬಿಟ್ಟರು.

"ಏರಿ ಕಾಲ್ ಕೆಳಗಿನ್ ಮಣ್ಣೇ ತೆಗ್ದುಬುಟ್ರಲ್ಲವ್ವಾ. ಕೆರೆ ತುಂಬುದ್ರೆ ಇಲ್ಲೇ ಕುಸಿಯೋದು. ಕೆಳಗಡೆ ನಮ್ ಮನೆಗಳವೆ."

ಯಾರು ಹೇಳಿದ್ದೆಂದು ಊರಿನವರು ಕೂಗಾಡಿದರು. ನಾನು ಎಲ್ಲರ ಹಿಂದೆ ಸರಿದು ನಿಂತೆ. ನನ್ನ ಮುಖ ನೋಡಿದೊಡನೆ ಮರಿಯಪ್ಪನಿಗೆ ಗೊತ್ತಾಗಿಹೋಯಿತು. "ಬುಡ್ರಪ್ಪಾ, ತಪ್ಪು ನಂದು. ಯಾಕೆ ಅಂತ ಹೇಳ್ದೆ ಹೋದೋನು ನಾನು" ಎಂದರು. ಆ ಮಾತಿಗೆ ನಾನು ಇಂದಿಗೂ ಋಣಿ.

ಮಳೆಗೆ ಹದಿನೈದು ದಿನವೂ ಉಳಿದಿರಲಿಲ್ಲ. ಗೇಣು ಗೇಣು ಜೇಡಿಮಣ್ಣು ಹಾಕಿ, ನೀರು ಚಿಮುಕಿಸಿ, ಊರಿನ ಹೆಂಗಸರು, ನಾವು, ಎತ್ತುಗಳು ಎಲ್ಲರೂ ತುಳಿದೆವು. ಪ್ರತಿ ಪದರದ ಮೇಲೂ ಮರಿಯಪ್ಪ ಬರಿಗಾಲಲ್ಲಿ ನಡೆದು, "ಇನ್ನೂ ತುಳೀರಿ" ಎನ್ನುತ್ತಿದ್ದರು. ಕಾಲುನೋವಿಗೆ ಅವರನ್ನು ಮನಸ್ಸಿನಲ್ಲೇ ಬೈದುಕೊಂಡದ್ದೂ ಉಂಟು. ಆ ವರ್ಷ ಕೆರೆ ತುಂಬಿ ಕೋಡಿ ಹರಿಯಿತು. ಏರಿ ಅಲುಗಲಿಲ್ಲ.

ಮುಂದಿನ ಬೇಸಿಗೆಯ ಶಿಬಿರಕ್ಕೆ ಹೋದಾಗ ಅವರು ಜಗಲಿಯ ಮೇಲೆ ಮಲಗಿದ್ದರು. ಸಕ್ಕರೆ ಕಾಯಿಲೆ.

"ಪಾದಕ್ಕೆ ಮುಳ್ಳು ಚುಚ್ಚುದ್ರೂ ಗೊತ್ತಾಗಾಕಿಲ್ಲ ಕಣವ್ವಾ. ಕೆರೆ ಬತ್ತೈತೆ. ನೀನೇ ಹೋಗಿ ಆ ಜಾಗ ತುಳ್ದು ಬಾ."

ಚಪ್ಪಲಿಯನ್ನು ಅಲ್ಲೇ ಬಿಟ್ಟು ಹೋದೆ. ಏರಿಯ ಬುಡದುದ್ದಕ್ಕೂ ಎರಡೆರಡು ಸಲ ನಡೆದು ಬಂದೆ.

"ಎಲ್ಲಿ ಅಗೆದಿದ್ವಿ ಅಂತ ಕಾಲಿಗೆ ಗೊತ್ತೇ ಆಗ್ಲಿಲ್ಲ ತಾತ."

"ಹಂಗಾರೆ ಗಟ್ಟಿಯಾಗೈತೆ" ಎಂದು ಅವರು ಕಣ್ಣು ಮುಚ್ಚಿದರು. "ಹೊಸಬ್ರಿಗೆ ಎಲ್ಲಿ ಅಗೀಬೇಕು, ಯಾಕೆ ಅಂತ ನೀನೇ ಹೇಳವ್ವಾ."

ಶಿಬಿರದ ನಡುವೆಯೇ ಅವರು ತೀರಿಕೊಂಡರು. ಮರುದಿನ ಬೆಳಿಗ್ಗೆ ಹೊಸ ಹುಡುಗಿಯರನ್ನು ಏರಿಯ ಬಳಿ ನಿಲ್ಲಿಸಿ, ಚಪ್ಪಲಿ ಬಿಡಿ ಎಂದೆ. ಒಬ್ಬಳು ಬಿಟ್ಟು, ಕೈಮುಗಿದಳು. ದೇವರಿಗಲ್ಲ ಎನ್ನಲು ಬಾಯಿ ತೆರೆದವಳು ನಾನೂ ಒಮ್ಮೆ ಕೈಮುಗಿದೆ. ಆಮೇಲೆ ಎಲ್ಲಿ ಅಗೆಯಬೇಕು, ಯಾಕೆ ಎಂದು ಹೇಳಿದೆ.