ಮೂರು ಪೆಡಲ್ ಕೊಟ್ಟು ತಂದ ಪ್ರೊಸೆಸರ್

ನನ್ನ ಹತ್ತಿರ ಮೂರು ಪೆಡಲ್‌ಗಳಿದ್ದವು. ಗಿಟಾರಿನ ಸ್ವರವನ್ನು ಹರಿದು ಒರಟು ಮಾಡುವ ಡಿಸ್ಟಾರ್ಷನ್ ಒಂದು. ಒಂದೇ ತಂತಿಯನ್ನು ಇಬ್ಬರು ಮೂವರು ಕೂಡಿ ಮೀಟಿದಂತೆ ಕೇಳಿಸುವ ಕೋರಸ್ ಒಂದು. ಮೀಟಿದ್ದನ್ನು ಬಾವಿಯೊಳಗೆ ಕೂಗಿದಂತೆ ಮರಳಿ ಮರಳಿ ಕೇಳಿಸುವ ಡಿಲೇ ಇನ್ನೊಂದು. ಒಂದೊಂದೂ ಅಂಗೈಯಲ್ಲಿ ಹಿಡಿಸುವ ಗಟ್ಟಿ ತಗಡಿನ ಡಬ್ಬಿ, ಒಳಗೊಂದು ಚೌಕದ ಬ್ಯಾಟರಿ. ಕಾಲಿನಿಂದ ಗುಂಡಿ ಒತ್ತಿದರೆ ಶುರು, ಮತ್ತೆ ಒತ್ತಿದರೆ ಬಂದ್. ಒಮ್ಮೆಲೇ ಕೊಂಡವಲ್ಲ ಅವು. ಒಂದೊಂದನ್ನು ಕೂಡಿಸಲು ಒಂದೊಂದು ಮದುವೆ ಸೀಜನ್ ಹಿಡಿದಿತ್ತು. ಅಪ್ಪ ದಾಲ್ ಮಿಲ್ಲಿನಿಂದ ತಂದುಕೊಟ್ಟ ಹಲಗೆಯ ತುಂಡಿಗೆ ಮೂರನ್ನೂ ಸ್ಕ್ರೂ ಹಾಕಿ ಕೂಡಿಸಿದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕಲಬುರಗಿಯ ಒಂದು ಆರ್ಕೆಸ್ಟ್ರಾದಲ್ಲಿ ನಾನು ಗಿಟಾರ್ ನುಡಿಸುತ್ತಿದ್ದೆ, ನನ್ನ ತಂಗಿ ಹಾಡುತ್ತಿದ್ದಳು.

ಆರ್ಕೆಸ್ಟ್ರಾದವರು ನನ್ನನ್ನು ನೋಡಿ ತಂಗಿಯನ್ನು ಸೇರಿಸಿಕೊಂಡರೆಂದು ಓಣಿಯವರು ತಿಳಿದಿದ್ದರು. ನಡೆದದ್ದು ಉಲ್ಟಾ. ನಮ್ಮ ಓಣಿಯವರು ಮಾಡುವ ಏಪ್ರಿಲ್ ಹದಿನಾಲ್ಕರ ಜಯಂತಿಯ ಕಾರ್ಯಕ್ರಮದಲ್ಲಿ ಅವಳು ಹಾಡಿದ್ದನ್ನು ಕೇಳಿ ಆರ್ಕೆಸ್ಟ್ರಾದ ಮಾಲೀಕರು ಮನೆ ಹುಡುಕಿಕೊಂಡು ಬಂದರು. ನಮ್ಮ ಓಣಿಯಿಂದ ಅಲ್ಲಿಯವರೆಗೆ ಯಾವ ಹುಡುಗಿಯೂ ಸ್ಟೇಜಿನ ಮೇಲೆ ದುಡಿಯಲು ಹೋದವಳಲ್ಲ. ಅಪ್ಪ ಒಂದೇ ಮಾತು ಹೇಳಿದ್ದ.

"ಅಣ್ಣ ಸಂಗಡ ಇದ್ರ ಹೋಗ್ಲಿ. ಅಂವಾ ಇಲ್ಲಂದ್ರ ಇಲ್ಲ."

ಹೀಗೆ ನನಗೂ ಜಾಗ ಸಿಕ್ಕಿತು. ನಾನು ಕೆಟ್ಟದಾಗಿ ನುಡಿಸುತ್ತಿರಲಿಲ್ಲ. ಆದರೆ ತಂಗಿಯ ಕೊರಳಿನಲ್ಲಿ ಇದ್ದದ್ದು ನನ್ನ ಬೆರಳಿನಲ್ಲಿ ಇರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಕಾಲೇಜಿನಲ್ಲಿ ತಲೆ ಬಗ್ಗಿಸಿ ಕೂತು ಬರುವ ಹುಡುಗಿ ಮೈಕ್ ಹಿಡಿದ ಕೂಡಲೇ ಬೇರೆಯೇ ಆಗುತ್ತಿದ್ದಳು.

ಮಾಲೀಕರ ಮನೆ ಖೂಬಾ ಪ್ಲಾಟ್ ಬಡಾವಣೆಯಲ್ಲಿತ್ತು. ಬ್ಯಾಂಕಿನ ನೌಕರಿ, ಮನೆಯೊಳಗೆ ಮರಾಠಿ, ನಮ್ಮೊಡನೆ ಕನ್ನಡ. ಹೊರಗಿನ ಖೋಲಿಯಲ್ಲಿ ನಮ್ಮ ಪ್ರಾಕ್ಟೀಸ್. ಆ ವರ್ಷ ಅಲ್ಲಿಗೆ ಹೊಸ ಕೀಬೋರ್ಡ್ ಬಂತು, ಅದನ್ನು ನುಡಿಸುವ ಹೊಸಬನೂ ಬಂದ. ಕೊಳಲು, ಶಹನಾಯಿ, ವಯೊಲಿನ್ ಎಲ್ಲ ಅದರೊಳಗೇ ಇದ್ದವು. ಒಂದು ಮಧ್ಯಾಹ್ನ ಅವನು ಒಂದು ಗುಂಡಿ ಒತ್ತಿ ನಾನು ನುಡಿಸುವ ತುಂಡನ್ನೇ ಗಿಟಾರಿನ ಸ್ವರದಲ್ಲಿ ನುಡಿಸಿದ. ಹುಡುಗಾಟಕ್ಕೆ ಮಾಡಿದ್ದು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ವಾರವೇ ಮಾಲೀಕರು ನನ್ನನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡರು.

"ನೋಡಪಾ, ಈಗಿನ ಹಾಡಿನ್ಯಾಗ ಒಂದೊಂದಕ್ಕ ಮೂರ್ನಾಕ್ ನಮೂನಿ ಗಿಟಾರ್ ಇರ್ತದ. ನೀ ಬಗ್ಗಿ ಆ ಡಬ್ಬಿ ತಿರುವಿ ಏಳೂದ್ರಾಗ ಹಾಡು ಮುಂದ ಹೋಗಿಬಿಟ್ಟಿರ್ತದ. ಮದವಿ ಸೀಜನ್ ಬರಾಕತ್ತದ. ಅಷ್ಟರಾಗ ಏನರೆ ವ್ಯವಸ್ಥಾ ಮಾಡ್ಕೋ. ಆಗ್ಲಿಲ್ಲಂದ್ರ ಬ್ಯಾಸರ ಮಾಡ್ಕೋಬ್ಯಾಡ. ತಂಗಿ ಒಬ್ಬಾಕೇ ಬಂದ್ರೂ ನಡೀತದ."

ಅವರಿಗೆ ನಡೆಯುತ್ತಿತ್ತು. ನಮ್ಮ ಅಪ್ಪನಿಗೆ ನಡೆಯುತ್ತಿರಲಿಲ್ಲ. ಮನೆಗೆ ನಡೆದು ಬರುತ್ತ ನನಗೆ ಬೇರೆ ಏನೂ ಹೊಳೆಯಲಿಲ್ಲ. ನನ್ನ ಕಾಲ ಕೆಳಗಿನ ಡಬ್ಬಿಗಳು ಸಾಲದಾದರೆ ಅವಳ ಹಾಡು ನಿಲ್ಲುತ್ತದೆ, ಅಷ್ಟೇ.

ಆಗ ಹೈದರಾಬಾದಿನ ಅಂಗಡಿಗಳಲ್ಲಿ ಪ್ರೊಸೆಸರ್ ಎಂಬುದು ಬಂದಿತ್ತು. ಒಂದೇ ಪೆಟ್ಟಿಗೆ, ಅದರೊಳಗೆ ಹತ್ತಾರು ಎಫೆಕ್ಟು. ಬೇಕಾದಂತೆ ಬೆರೆಸಿ ಒಂದೊಂದು ನಂಬರಿಗೆ ಕೂಡಿಸಿಟ್ಟರೆ ಮುಗಿಯಿತು, ಹಾಡಿಗೊಂದು ಒತ್ತು. "ನಿನ್ನ ತ್ರಾಸೇ ಹೋಗ್ತದ," ಎಂದ ಕೀಬೋರ್ಡಿನವನು. ಅವನಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಬೇಸ್ ಗಿಟಾರಿನ ಗೆಳೆಯ ಮಾತ್ರ ಬಿಲ್‌ಕುಲ್ ಒಪ್ಪಲಿಲ್ಲ.

"ಮೂರರಾಗ ಒಂದು ಕೆಟ್ರ ಎರಡು ಉಳೀತಾವ. ಅದು ಕೆಟ್ರ ಏನ್ ಉಳೀತದ? ಮತ್ತ ನಿನ್ನ ಪೆಡಲ್ ಬ್ಯಾಟರಿ ಮ್ಯಾಲ ನಡೀತಾವ. ಅದಕ್ಕ ಕರೆಂಟ್ ಬೇಕು. ನಮ್ಮ ಕಡಿ ಕರೆಂಟ್ ನಿನಗ ಗೊತ್ತಿಲ್ಲೇನು?"

"ಮತ್ತ ನಾ ಏನ್ ಮಾಡ್ಲಿ ಹೇಳು."

ಇನ್ನೆರಡು ಮೂರು ಪೆಡಲ್ ಕೂಡಿಸಿಕೋ ಎಂದ. ಅವನ್ನು ಕೂಡಿಸಲು ಇನ್ನೆರಡು ಮೂರು ಸೀಜನ್ ಬೇಕಿತ್ತು. ನನ್ನ ಹತ್ತಿರ ಇದ್ದದ್ದು ಕೆಲವು ವಾರ.

ಹೈದರಾಬಾದಿನ ಅಂಗಡಿಯವನು ಹಳೆಯದನ್ನು ಕೊಟ್ಟರೆ ಬದಲಿಗೆ ಹೊಸದು ಕೊಡುವೆನೆಂದ, ಮೇಲೆ ಕೈಯಿಂದಲೂ ದುಡ್ಡು ಹಾಕಬೇಕಾಯಿತು. ಅವನ ಆಳು ಸ್ಕ್ರೂ ಬಿಚ್ಚಿ ಮೂರು ಪೆಡಲ್ ತೆಗೆದುಕೊಂಡು ಖಾಲಿ ಹಲಗೆಯನ್ನು ನನ್ನ ಕಡೆ ತಳ್ಳಿದ. ನಾನು ಅದನ್ನು ಅಲ್ಲಿಯೇ ಬಿಟ್ಟುಬಂದೆ. ರೈಲಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಖುಷಿಯಾಗಬೇಕಿತ್ತು. ದವಾಖಾನೆಗೆ ಯಾರನ್ನೋ ಕರೆದೊಯ್ಯುತ್ತಿರುವ ಹಾಗೆ ಒಂದೊಂದೇ ಸ್ಟೇಷನ್ ಎಣಿಸುತ್ತ ಬಂದೆ.

ಮನೆಯಲ್ಲಿ ತಂಗಿ ಎದುರಿಗೆ ಕೂತು ಒಂದೊಂದೇ ಹಾಡಿನ ಸಾಲು ಹಾಡುವಳು, ನಾನು ನಂಬರ್ ಒತ್ತುವೆ. ಗುಂಡಿಗಳು ಕಡಿಮೆ, ಅವುಗಳ ಕೆಲಸ ಬಹಳ. ಒಂದನ್ನು ಸರಿಮಾಡಲು ಹೋಗಿ ಇನ್ನೊಂದನ್ನು ಅಳಿಸಿಬಿಡುತ್ತಿದ್ದೆ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

"ಚಂದ ಅದ ಅಣ್ಣಾ," ಎಂದಳು ತಂಗಿ ಒಂದು ದಿನ. "ಖರೇ ಅಂದ್ರ, ನೀ ಬಾರ್ಸಿದಂಗ ಅನಸೂದಿಲ್ಲ."

"ಕ್ಯಾಸೆಟ್ಟಿನ್ಯಾಗ ಇದ್ದಂಗ ಅದನೋ ಇಲ್ಲೋ?"

"ಅದ."

"ಅಷ್ಟು ಸಾಕು."

ಓಣಿಯಲ್ಲಿ ವೋಲ್ಟೇಜ್ ಇಳಿದು ಬಲ್ಬು ಕೆಂಪಗಾದಾಗ ಪೆಟ್ಟಿಗೆ ತಾನೇ ಬಂದ್ ಆಗಿ ತಾನೇ ಶುರುವಾಗುತ್ತಿತ್ತು. ಅದನ್ನು ಕಂಡೂ ನಾನು ಕಾಣದಂತೆ ಇದ್ದೆ.

ಸೀಜನ್ನಿನ ಮೊದಲ ಕಾರ್ಯಕ್ರಮ ಕಮಲಾಪುರದಲ್ಲಿ ಒಂದು ಮದುವೆ. ಬ್ಯಾಸಗಿಯ ಮಟಮಟ ಮಧ್ಯಾಹ್ನ. ಹಂದರದ ಒಂದು ತುದಿಗೆ ನಮ್ಮ ಸ್ಟೇಜು, ಇನ್ನೊಂದು ತುದಿಗೆ ಊಟದ ಪಂಕ್ತಿ. ಎಲೆಗೊಂದರಂತೆ ಆ ಊರಿನ ಕೆಂಪು ಬಾಳೆಹಣ್ಣು ಇಡುತ್ತ ಬರುತ್ತಿದ್ದರು. ಮೊದಲ ಎರಡು ಹಾಡು ನೀರು ಹರಿದಂತೆ ಹೋದವು. ಒತ್ತಿದ ನಂಬರಿಗೆ ಬೇಕಾದ ಸ್ವರ ಬಂತು. ಮಾಲೀಕರು ತಿರುಗಿ ನೋಡಿ ತಲೆಯಾಡಿಸಿದರು.

ಆಮೇಲೆ ಕರೆಂಟ್ ಹೋಯಿತು. ಹಂದರದ ಹಿಂದೆ ಜನರೇಟರ್ ಶುರು ಮಾಡಿದರು. ತಂಗಿ ಹಾಡು ಎತ್ತಿಕೊಂಡಳು. ಯಾರೋ ದೊಡ್ಡ ಕೂಲರನ್ನೂ ಅದಕ್ಕೇ ಹಚ್ಚಿರಬೇಕು, ಜನರೇಟರಿನ ಸದ್ದು ಒಮ್ಮೆ ಕುಗ್ಗಿ ಒಮ್ಮೆ ಏರಿತು. ಉಳಿದವರ ಸಾಮಾನು ತಾಳಿಕೊಂಡಿತು. ನನ್ನ ಪೆಟ್ಟಿಗೆಯ ಮೇಲಿನ ಕೆಂಪು ಅಂಕಿ ನಡುಗಿತು, ಆರಿತು, ಹೊತ್ತಿತು, ಆರಿತು. ಅಡಾಪ್ಟರಿನಿಂದ ಸುಟ್ಟ ವಾಸನೆ ಬಂತು. ನಾನು ವೈರ್ ಕಿತ್ತು ಮತ್ತೆ ಹಚ್ಚಿದೆ. ಗುಂಡಿ ಒತ್ತಿದೆ. ಕಾಲಿನಿಂದ ಒತ್ತಿದೆ, ಕೈಯಿಂದ ಒತ್ತಿದೆ. ಏನೂ ಇಲ್ಲ. ತಂಗಿ ಪಲ್ಲವಿಯ ಕೊನೆಯ ಸಾಲಿನಲ್ಲಿದ್ದಳು. ಅದು ಮುಗಿದ ಕೂಡಲೇ ಗಿಟಾರಿನ ತುಂಡು, ಬರೀ ಗಿಟಾರು, ಬೇರೆ ಯಾವ ವಾದ್ಯವೂ ಇಲ್ಲ. ನಾನು ಎದ್ದು ನಿಂತೆ, ಸತ್ತ ತಂತಿಗಳ ಮೇಲೆ ಬೆರಳಿಟ್ಟೆ.

ಗಿಟಾರಿನ ತುಂಡು ಕೇಳಿಸಿತು. ಒಂದು ಸ್ವರವೂ ಬಿಡದೆ ಪೂರ್ತಿ ಕೇಳಿಸಿತು. ಕೀಬೋರ್ಡಿನವನು ನನ್ನ ಮುಖ ನೋಡುತ್ತ, ಮಾಫ್ ಮಾಡು ಎನ್ನುವಂತೆ ಹುಬ್ಬು ಏರಿಸಿ, ಅದನ್ನು ನುಡಿಸುತ್ತಿದ್ದ.

ಪಂಕ್ತಿಯಲ್ಲಿ ಯಾರೂ ತಲೆ ಎತ್ತಲಿಲ್ಲ. ಮುಂದೆ ಕುಣಿಯುತ್ತಿದ್ದ ಹೆಣ್ಣುಮಕ್ಕಳ ಹೆಜ್ಜೆ ತಪ್ಪಲಿಲ್ಲ. ಒಬ್ಬ ಹಿರಿಯ ನನ್ನ ಕೈಯನ್ನೇ ನೋಡುತ್ತ ತಾಳ ಹಾಕುತ್ತಿದ್ದ. ನನ್ನ ಕೈ ನಿಂತಿರಲಿಲ್ಲ. ಯಾಕೆ ನಿಲ್ಲಲಿಲ್ಲವೋ ತಿಳಿಯದು, ಅದು ತನ್ನಷ್ಟಕ್ಕೆ ಆ ತುಂಡನ್ನು ನುಡಿಸುತ್ತಲೇ ಇತ್ತು. ಪೆಟ್ಟಿಗೆ ಕೆಟ್ಟಾಗ ಆಗದ ದಿಗಿಲು ಆಗ ಆಯಿತು. ನಾನು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಹಾಡು ಮುಗಿದ ಮೇಲೆ ಬೇಸಿನ ಗೆಳೆಯ ಸನ್ನೆ ಮಾಡಿದ, ವೈರ್ ನೇರ ಆಂಪ್ಲಿಫೈಯರಿಗೆ ಹಚ್ಚು ಎಂದು. ಹಚ್ಚಿದೆ. ಯಾವ ಬಣ್ಣವೂ ಇಲ್ಲದ ಒಣ ಸ್ವರ ಬಂತು. ಮಾಲೀಕರು ತಿರುಗದೆಯೇ ಬೆನ್ನ ಹಿಂದೆ ಅಂಗೈ ಮಾಡಿ ಕೆಳಗೆ ಒತ್ತಿದರು: ಕಡಿಮೆ ಮಾಡು. ಇನ್ನೂ ಕಡಿಮೆ. ನಾನು ವಾಲ್ಯೂಮಿನ ಗುಂಡಿಯನ್ನು ಸೊನ್ನೆಯವರೆಗೆ ತಿರುಗಿಸಿದೆ.

ಸಾಮಾನು ಟೆಂಪೋಗೆ ಏರಿಸುವಾಗ ಅವರ ಹತ್ತಿರ ಹೋದೆ. ಅವರು ಬಾಯಿ ತೆರೆಯುವ ಮೊದಲೇ ನಾನೇ ಮಾತಾಡಿದೆ.

"ಸರ್, ನಾ ಮುಂದಿನ ಪ್ರೋಗ್ರಾಮಿಗೂ ಬರ್ತೀನ್ರೀ. ಬಾರ್ಸೂದಿಲ್ಲ. ಗಿಟಾರ್ ಹಿಡ್ಕೊಂಡ್ ಬರೇ ನಿಂದರ್ತೀನಿ."

"ನಿಂತು ಏನ್ ಮಾಡ್ತಿ?"

"ನಾ ಇರಲಿಲ್ಲಂದ್ರ ನಮ್ಮಪ್ಪ ಆಕಿಗಿ ಕಳಸಂಗಿಲ್ರೀ. ನನಗ ಏನೂ ಕೊಡಬ್ಯಾಡ್ರಿ. ಸಾಮಾನು ಇಳಿಸ್ತೀನಿ, ಏರಿಸ್ತೀನಿ."

ಅವರು ನನ್ನ ಮುಖ ನೋಡಲಾರದೆ ಟೆಂಪೋದ ಗಾಲಿ ನೋಡಿದರು. ತಂಗಿಯ ದನಿ ಅವರಿಗೂ ಬೇಕಿತ್ತು. "ಆತು," ಎಂದರು.

ಕಲಬುರಗಿಯ ರೇಡಿಯೋ ರಿಪೇರಿಯವನು ಪೆಟ್ಟಿಗೆ ಬಿಚ್ಚಿ, ಇದರೊಳಗಿನ ಸಾಮಾನು ಎಲ್ಲಿಯೂ ಸಿಗುವುದಿಲ್ಲವೆಂದು ಮುಚ್ಚಿಕೊಟ್ಟ. ಹೈದರಾಬಾದಿನಲ್ಲಿಯೂ ಅದೇ ಮಾತು. ನನ್ನ ಹಳೆಯ ಪೆಡಲ್‌ಗಳನ್ನು ಕೇಳಿದೆ. ಮೂರೂ ಯಾರಿಗೋ ಮಾರಿಹೋಗಿದ್ದವು.

ಆ ಸೀಜನ್ ಪೂರ್ತಿ ಸ್ಟೇಜಿನ ಮೇಲೆ ನಿಂತೆ. ಗಿಟಾರಿಗೆ ಜಾಕ್ ವೈರ್ ಹಚ್ಚಿ ಅದರ ಇನ್ನೊಂದು ತುದಿಯನ್ನು ಎಲ್ಲಿಯೂ ಸಿಕ್ಕಿಸದೆ ಕೀಬೋರ್ಡಿನ ಸ್ಟ್ಯಾಂಡಿನ ಕೆಳಗೆ ಬಿಟ್ಟಿರುತ್ತಿದ್ದೆ. ಮೊದಮೊದಲು ಪ್ರತಿ ಸ್ವರವನ್ನೂ ಸರಿಯಾದ ಜಾಗದಲ್ಲಿಯೇ ಒತ್ತುತ್ತಿದ್ದೆ. ಹೋಗಹೋಗುತ್ತ ಅದೂ ಬಿಟ್ಟುಹೋಯಿತು. ಒಮ್ಮೆ ನೋಡಿಕೊಂಡರೆ ಬೆರಳು ಬೇರೆಯದೇ ಹಾಡಿನ ಸ್ವರಗಳ ಮೇಲಿದ್ದವು. ಒಂದು ಊರಿನಲ್ಲಿ ಕಾಲೇಜಿನ ಹುಡುಗನೊಬ್ಬ ಸ್ಟೇಜಿನ ಹತ್ತಿರ ಬಂದು, "ಭಾರೀ ಟೋನ್ ಅದರೀ ನಿಮ್ದು. ಸಿಂಗಲ್ ಪೆಡಲ್ ಹಚ್ಚೀರೋ, ಪ್ರೊಸೆಸರೋ?" ಎಂದು ಕೇಳಿದ. "ಪ್ರೊಸೆಸರ್," ಎಂದೆ. ಕಂಪನಿಯ ಹೆಸರನ್ನೂ ಹೇಳಿದೆ. ಅವನು ಹೋದ ಮೇಲೆ ಸ್ಟೇಜಿನ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತೆ. ಅಳುವುದಕ್ಕೂ ಆಗಲಿಲ್ಲ.

ತಂಗಿಗೆ ಎಲ್ಲ ಗೊತ್ತಿತ್ತು. ಒಂದು ದಿನ ಪ್ರಾಕ್ಟೀಸಿನ ಖೋಲಿಯಲ್ಲಿ ಅವಳು ಸಾಲಿನ ನಡುವೆ ನಿಲ್ಲಿಸಿಬಿಟ್ಟಳು.

"ಅಣ್ಣನ ವೈರ್ ಹಚ್ಚ್ರಿ. ಇಲ್ಲಂದ್ರ ನಾ ಹಾಡಂಗಿಲ್ಲ."

ಯಾರೂ ಅಲ್ಲಾಡಲಿಲ್ಲ. "ಸುಮ್ಮ ಹಾಡು," ಎಂದು ಗದರಿಸಿದೆ. ಅವಳು ಪರ್ಸ್ ಎತ್ತಿಕೊಂಡು ಹೊರಗೆ ನಡೆದಳು. ನಾನು ಹಿಂದಿನಿಂದ ಓಡಿದೆ. ಮನೆ ಮುಟ್ಟುವವರೆಗೂ ಬೇಡಿಕೊಂಡೆ: ಅಪ್ಪನ ಮುಂದೆ ಏನೂ ಅನ್ನಬೇಡ, ಅಂದೆಯೋ ನಿನ್ನ ಹಾಡು ಮುಗಿಯಿತು.

ಅಪ್ಪ ಆಗಷ್ಟೇ ಮಿಲ್ಲಿನಿಂದ ಬಂದು ಕೂತಿದ್ದ, ಹುಬ್ಬಿನ ಮೇಲೆಲ್ಲ ತೊಗರಿಯ ಹೊಟ್ಟು.

"ಅಪ್ಪಾ, ಅಣ್ಣ ಬಾರ್ಸೂದು ಬಿಟ್ಟು ಭಾಳ ದಿನ ಆತು. ಅವರಿಗಿ ಅಂವಾ ಬ್ಯಾಡಾಗ್ಯಾನ. ನನ್ನ ಸಲುವಾಗಿ ಬರೇ ನಿಂದರಾಕತ್ತಾನ."

ಅಪ್ಪ ನನ್ನ ಕಡೆ ನೋಡಿದ. "ಖರೇ ಏನು?"

"ಖರೇ," ಎಂದೆ.

"ಅಂವನ್ನ ಹಿಂಗ ಗೊಂಬಿ ನಿಲ್ಲಿಸಿದಂಗ ನಿಲ್ಲಿಸಿ ನನಗ ಹಾಡಾಕ ಆಗಂಗಿಲ್ಲ," ಎಂದಳು ತಂಗಿ. "ಹಾಡೂದು ಬಿಡಾಕೂ ಆಗಂಗಿಲ್ಲ. ಏನ್ ಮಾಡ್ತಿ ಮಾಡು."

ಒಲೆಯ ಕಡೆಯಿಂದ ಅವ್ವ ಎದ್ದುಬಂದಳು. "ನಾ ಹೋಗ್ತೀನಿ ಆಕಿ ಸಂಗಡ," ಎಂದಳು. ಜಯಂತಿಯ ಮೆರವಣಿಗೆ ಬಿಟ್ಟರೆ ಅವಳು ಯಾವ ಕಾರ್ಯಕ್ರಮವನ್ನೂ ನೋಡಿದವಳಲ್ಲ. ಅಪ್ಪ ಎದ್ದು ಮುಖ ತೊಳೆದುಕೊಂಡು ಬಂದು, ಮುಂದಿನ ಕಾರ್ಯಕ್ರಮ ಊರಾಗೋ, ಹೊರಗೋ ಎಂದು ಕೇಳಿದ.

ಆ ಕಾರ್ಯಕ್ರಮದ ದಿನ ಟೆಂಪೋ ಓಣಿಯ ಬಾಯಿಗೆ ಬಂದು ಹಾರ್ನ್ ಹೊಡೆದಾಗ ನಾನು ಹೊರಗೆ ಬರಲಿಲ್ಲ. ಹಾಸಿಗೆಯ ಸುರುಳಿಗೆ ಒರಗಿ ಗೋಡೆ ನೋಡುತ್ತ ಕೂತಿದ್ದೆ. ತಂಗಿಗೆ ನಾನು ಬೇಡ, ಆರ್ಕೆಸ್ಟ್ರಾಕ್ಕೆ ಬೇಡ, ನನ್ನ ಸುಳ್ಳೂ ಇನ್ನು ಯಾರಿಗೂ ಬೇಡ. ಅದು ಬಿಡುಗಡೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಸಂಜೆ ಅವ್ವ ತಂಗಿಯ ಸಂಗಡ ಮರಳಿ ಬಂದು ಚಪ್ಪಲಿ ಬಿಡುತ್ತಲೇ, "ಆ ಉದ್ದನ ಪೆಟಿಗಿ ಬಾರ್ಸಂವ ನಿನ್ನವೇ ಬಾರಿಸ್ತಾನಲ್ಲೋ. ದಿನಾ ಮನ್ಯಾಗ ಬಾರಿಸ್ತಿದ್ದಿ, ಅವೇ," ಎಂದಳು. ಆಮೇಲೆ ತಂಗಿ ತಣ್ಣೀರು ಬಹಳ ಕುಡಿಯುತ್ತಾಳೆಂದು ಬೈಯುತ್ತ ಒಳಗೆ ಹೋದಳು.

ತಂಗಿ ಮದುವೆಯವರೆಗೂ ಹಾಡಿದಳು, ಮದುವೆಯ ಮೇಲೂ ಹಾಡಿದಳು. ನಾನು ಊರಂಚಿನ ಶರಣಸಿರಸಗಿಯ ಹೊಸ ಲೇಔಟಿನ ಮನೆಗಳಿಗೆ ವೈರಿಂಗ್ ಮಾಡುವ ಕೆಲಸ ಹಿಡಿದೆ. ಗಿಟಾರ್ ಹೊಲಿಗೆ ಬಿಟ್ಟ ಚೀಲದಲ್ಲಿ ಗೋಡೆಗೆ ನಿಂತಿತ್ತು. ಒಂದು ಮಳೆಗಾಲ ಕೆಲಸ ನಿಂತಾಗ ಅದನ್ನು ತೆಗೆದು, ಯಾವುದಕ್ಕೂ ಹಚ್ಚದೆ, ಸುಮ್ಮನೆ ಮೀಟಿದೆ. ತಂತಿ ಗುಂಯ್ ಎನ್ನಲಿಲ್ಲ, ಚರಚರ ಎಂದಿತು. ಬೆರಳು ತಂತಿಯನ್ನು ಮುಟ್ಟುತ್ತಿದ್ದವೇ ಹೊರತು ಒತ್ತುತ್ತಿರಲಿಲ್ಲ. ಸದ್ದಿಲ್ಲದೆ ನುಡಿಸಿ ನುಡಿಸಿ ಅವಕ್ಕೆ ಒತ್ತುವುದೇ ಮರೆತುಹೋಗಿತ್ತು. ಅದನ್ನು ಮತ್ತೆ ಮೊದಲಿನಿಂದ, ಹೊಸದಾಗಿ ಕಲಿಯುವವರಂತೆ, ತುದಿಬೆರಳು ಕೆಂಪಾಗುವ ಹಾಗೆ ಕಲಿಯಬೇಕಾಯಿತು.